ಔಷಧ ಪ್ರಯೋಗಗಳ ವೈಫಲ್ಯದ ಬೇಸಿಯನ್ ವಿಶ್ಲೇಷಣೆ

ಔಷಧ ಪ್ರಯೋಗಗಳ ವೈಫಲ್ಯದ ಬೇಸಿಯನ್ ವಿಶ್ಲೇಷಣೆ ಎಂಬುದು ಒಂದು ಸಂಖ್ಯಾಶಾಸ್ತ್ರೀಯ ಕ್ರಮ. ಮನುಷ್ಯರ ಮೇಲೆ ನಡೆದ ಔಷಧ ಪ್ರಯೋಗವು ನಿರೀಕ್ಷಿತ ಫಲ ನೀಡದಿದ್ದಾಗ, ಅದಕ್ಕೆ ಔಷಧದ ದೋಷ ಕಾರಣವೇ, ಬಳಕೆಯ ಕೊರತೆಯೇ ಅಥವಾ ಬರಿಯ ಆಕಸ್ಮಿಕವೇ ಎಂಬುದನ್ನು ಇದು ಸಂಭವನೀಯತೆಯ ರೂಪದಲ್ಲಿ ಅಳೆಯುತ್ತದೆ. ಇಂಗ್ಲೆಂಡಿನ ಥಾಮಸ್ ಬೇಯ್ಸ್ ಅವರ ಮರಣಾನಂತರ 1763ರಲ್ಲಿ ಪ್ರಕಟವಾದ ಪ್ರಮೇಯವು ಇದರ ಆಧಾರ. ಪ್ರಯೋಗಕ್ಕೆ ಮೊದಲೇ ಇದ್ದ ತಿಳಿವಳಿಕೆಯನ್ನು ಪೂರ್ವ ಸಂಭವನೀಯತೆಯೆಂದೂ, ದತ್ತಾಂಶ ಸೇರಿದ ಬಳಿಕ ಅದು ಪಡೆಯುವ ರೂಪವನ್ನು ಉತ್ತರ ಸಂಭವನೀಯತೆಯೆಂದೂ ಕರೆಯುತ್ತಾರೆ. ಈ ಕ್ರಮದ ಮಹತ್ವವನ್ನು ತೋರುವ ಒಂದು ಪ್ರಸಂಗ ಉತ್ತರ ಕರ್ನಾಟಕದಲ್ಲಿಯೇ ದೊರೆಯುತ್ತದೆ.

ಬಾಗಲಕೋಟೆಯ ಪ್ರಸಂಗ

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿಗೆ ಹೊಂದಿಕೊಂಡಿರುವ ಬಾಗಲಕೋಟೆ ಜಿಲ್ಲೆಯು, ಎಚ್‌ಐವಿ ಸೋಂಕು ತಡೆಯಬಹುದೆಂದು ನಿರೀಕ್ಷಿಸಲಾಗಿದ್ದ ಸೆಲ್ಯುಲೋಸ್ ಸಲ್ಫೇಟ್ ಎಂಬ ಲೇಪದ ಅಂತಾರಾಷ್ಟ್ರೀಯ ಪ್ರಯೋಗದ ಕೇಂದ್ರಗಳಲ್ಲಿ ಒಂದಾಗಿತ್ತು. ಭಾರತದ ಇನ್ನೊಂದು ಕೇಂದ್ರ ಚೆನ್ನೈ. ಉಳಿದವು ಆಫ್ರಿಕಾದ ಬೆನಿನ್, ಉಗಾಂಡ ಮತ್ತು ದಕ್ಷಿಣ ಆಫ್ರಿಕಾಗಳಲ್ಲಿದ್ದವು. ಭಾಗವಹಿಸಿದ ಮಹಿಳೆಯರಲ್ಲಿ ಒಂದು ಗುಂಪಿಗೆ ಔಷಧವಿರುವ ಲೇಪವನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಲೇಪವನ್ನೂ ನೀಡಲಾಯಿತು. ಎರಡೂ ಗುಂಪುಗಳಿಗೆ ಕಾಂಡೋಮ್ ಹಾಗೂ ಆಪ್ತಸಲಹೆ ದೊರೆಯುತ್ತಿತ್ತು.

2007ರ ಜನವರಿಯಲ್ಲಿ ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಲಾಯಿತು. ಮಧ್ಯಂತರ ಪರಿಶೀಲನೆಯಲ್ಲಿ ಔಷಧದ ಗುಂಪಿನ ಸೋಂಕಿನ ಅಪಾಯವು ಇನ್ನೊಂದು ಗುಂಪಿನ 2.23 ಪಟ್ಟು ಎಂದು ಕಂಡುಬಂದಿತ್ತು (ಪಿ-ಮೌಲ್ಯ 0.02). ಕಾಪಾಡಬೇಕಾದ ಔಷಧವೇ ಹಾನಿ ಮಾಡಿತೆಂಬ ಭೀತಿ ಸಹಜವಾಗಿತ್ತು. ಆದರೆ 2008ರಲ್ಲಿ ಪ್ರಕಟವಾದ ಅಂತಿಮ ಲೆಕ್ಕದಲ್ಲಿ 1398 ಮಹಿಳೆಯರ ಪೈಕಿ ಔಷಧದ ಗುಂಪಿನಲ್ಲಿ 25, ಇನ್ನೊಂದರಲ್ಲಿ 16 ಹೊಸ ಸೋಂಕುಗಳಿದ್ದವು. ಅಪಾಯದ ಅನುಪಾತ 1.61ಕ್ಕೆ ಇಳಿದು, ಪಿ-ಮೌಲ್ಯ 0.13ಕ್ಕೆ ಏರಿತು. ರೂಢಿಯ ಮಾನದಂಡದಂತೆ, ಹಾನಿ 'ಸಾಬೀತಾಗಿದೆ' ಎಂಬಲ್ಲಿಂದ 'ಸಾಬೀತಾಗಿಲ್ಲ' ಎಂಬಲ್ಲಿಗೆ ತೀರ್ಮಾನ ಜಿಗಿಯಿತು. ನೈಜೀರಿಯದಲ್ಲಿ ಅದೇ ಲೇಪದ ಮೇಲೆ ನಡೆದು, ಅದೇ ವೇಳೆಗೆ ನಿಂತ ಮತ್ತೊಂದು ಪ್ರಯೋಗದಲ್ಲಿ ಔಷಧದ ಗುಂಪಿನಲ್ಲಿ 10, ಇನ್ನೊಂದರಲ್ಲಿ 13 ಸೋಂಕುಗಳು ಕಂಡುಬಂದವು.

ಬೇಸಿಯನ್ ಲೆಕ್ಕ

ಪಿ-ಮೌಲ್ಯ 0.02 ಎಂದರೆ 'ಹಾನಿಯಿರುವ ಸಂಭವ ಶೇ. 98' ಎಂದು ತಿಳಿಯುವುದು ವ್ಯಾಪಕವಾದ ತಪ್ಪು. ಔಷಧಕ್ಕೆ ಯಾವ ಪರಿಣಾಮವೂ ಇಲ್ಲವೆಂದು ಭಾವಿಸಿದಾಗ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವವನ್ನಷ್ಟೇ ಅದು ಹೇಳುತ್ತದೆ. ಹಾನಿಯ ಸಂಭವವೆಷ್ಟು ಎಂಬ ಪ್ರಶ್ನೆಗೆ ಉತ್ತರಿಸಲು ಪೂರ್ವ ಸಂಭವನೀಯತೆ ಅಗತ್ಯ.

ಉದಾಹರಣೆಗೆ, ಸಂದೇಹವಾದಿಯೊಬ್ಬನು ಅಪಾಯದ ಅನುಪಾತವು ಅರ್ಧದಿಂದ ಎರಡು ಪಟ್ಟಿನೊಳಗೆ ಇರುವ ಸಂಭವ ಶೇ. 95 ಎಂದು ಮೊದಲೇ ಎಣಿಸಿದ್ದಾನೆನ್ನೋಣ. ಮಧ್ಯಂತರ ಅಂಕಿಗಳನ್ನು ಇದಕ್ಕೆ ಸೇರಿಸಿದರೆ ಅನುಪಾತದ ಅಂದಾಜು 2.23ರಿಂದ ಸುಮಾರು 1.5ಕ್ಕೆ ಇಳಿಯುತ್ತದೆ, ಹಾನಿಯ ಸಂಭವ ಸುಮಾರು ಶೇ. 95. ಅಂತಿಮ ಅಂಕಿಗಳನ್ನು ಬಳಸಿದರೆ ಅಂದಾಜು 1.3, ಸಂಭವ ಸುಮಾರು ಶೇ. 87. ನೈಜೀರಿಯದ ಫಲಿತಾಂಶವನ್ನೂ ಕೂಡಿಸಿದಾಗ ಅಂದಾಜು 1.2ರ ಆಸುಪಾಸಿಗೂ ಸಂಭವವು ಶೇ. 78ರ ಸಮೀಪಕ್ಕೂ ಬರುತ್ತವೆ. ಇಲ್ಲಿ ಜಿಗಿತವಿಲ್ಲ, ಹಂತಹಂತವಾದ ಇಳಿತವಿದೆ. ಮಧ್ಯದಲ್ಲಿ ಕಾಣುವ ದೊಡ್ಡ ವ್ಯತ್ಯಾಸಗಳು ಮುಂದೆ ಕುಗ್ಗುವುದು ಸಾಮಾನ್ಯವೆಂಬ ಅನುಭವವನ್ನು ಈ ಲೆಕ್ಕ ಮೊದಲೇ ಒಳಗೊಂಡಿರುತ್ತದೆ.

ಹಾಗೆಂದು ಪ್ರಯೋಗವನ್ನು ನಿಲ್ಲಿಸಿದ್ದು ತಪ್ಪೆನ್ನಲಾಗದು. ಏನು ತಿಳಿದಿದೆ ಎಂಬುದು ಒಂದು ಪ್ರಶ್ನೆ, ಏನು ಮಾಡಬೇಕು ಎಂಬುದು ಇನ್ನೊಂದು. ಆರೋಗ್ಯವಂತ ಮಹಿಳೆಯರಿಗೆ ನೀಡುವ ಲೇಪದಲ್ಲಿ ಹಾನಿಯ ಸಂಭವ ಅಷ್ಟು ಹೆಚ್ಚಿರುವಾಗ ಅದನ್ನು ಮುಂದುವರಿಸಲು ಸಮರ್ಥನೆ ಸಿಗುವುದು ಕಷ್ಟ. ಸೆಲ್ಯುಲೋಸ್ ಸಲ್ಫೇಟ್ ಒಳಪದರದ ಜೀವಕೋಶಗಳ ಬಿಗಿಯಾದ ಬೆಸುಗೆಯನ್ನು ಸಡಿಲಿಸಬಲ್ಲದೆಂದು ನಂತರದ ಪ್ರಯೋಗಾಲಯ ಅಧ್ಯಯನಗಳು ಸೂಚಿಸಿದವು. ಇಂತಹ ಮಾಹಿತಿ ಮೊದಲೇ ಇದ್ದಿದ್ದರೆ ಪೂರ್ವ ಸಂಭವನೀಯತೆಯೇ ಬೇರೆಯಾಗುತ್ತಿತ್ತು.

ಔಷಧವೋ, ಬಳಕೆಯೋ

ವೈಫಲ್ಯದ ಇನ್ನೊಂದು ಕಾರಣ ಔಷಧದ ಗುಣಕ್ಕೆ ಸಂಬಂಧಿಸಿದ್ದೇ ಅಲ್ಲ. ಆಫ್ರಿಕಾದ 'ವಾಯ್ಸ್' ಪ್ರಯೋಗದಲ್ಲಿ ಟೆನೊಫೊವಿರ್ ಫಲ ನೀಡಲಿಲ್ಲ. ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ ಮೂರನೆಯ ಒಂದು ಪಾಲಿಗಿಂತ ಕಡಿಮೆ ಮಾದರಿಗಳಲ್ಲಿ ಮಾತ್ರ ಔಷಧದ ಅಂಶ ಸಿಕ್ಕಿತು. ಸೇವಿಸದ ಔಷಧ ಸೋತಿತೆನ್ನುವುದಕ್ಕೆ ಅರ್ಥವಿಲ್ಲ.

ಇಂತಹ ಕಾರಣಗಳನ್ನು ಬೇರ್ಪಡಿಸಲು ಶ್ರೇಣೀಕೃತ ಬೇಸಿಯನ್ ಮಾದರಿಗಳನ್ನು ಬಳಸುತ್ತಾರೆ. ಗರ್ಭಿಣಿಯರ ರಕ್ತಹೀನತೆಗೆ ಹೊಸ ಮಾತ್ರೆಯೊಂದನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳಲ್ಲಿ ಪರೀಕ್ಷಿಸಲಾಗುತ್ತಿದೆ ಎಂದು ಕಲ್ಪಿಸಿಕೊಳ್ಳಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಗಂಗಾವತಿಗೂ ಮಳೆಯನ್ನೇ ನೆಚ್ಚಿದ, ಗುಳೆ ಹೋಗುವ ಕುಟುಂಬಗಳಿರುವ ಕುಷ್ಟಗಿ, ಯಲಬುರ್ಗಾಗಳಿಗೂ ಒಂದೇ ಲೆಕ್ಕ ಸಲ್ಲದು. ಗುಳೆ ಹೋದವರ, ಹೆರಿಗೆಗೆ ತವರಿಗೆ ತೆರಳಿದವರ ಮಾತ್ರೆ ನಿಂತುಹೋಗಬಹುದು. ಅವರ ಅಂತಿಮ ರಕ್ತಪರೀಕ್ಷೆಯೂ ತಪ್ಪಬಹುದು. ನಾಲ್ಕನ್ನೂ ಬೇರೆಬೇರೆಯಾಗಿ ನೋಡಿದರೆ ಪ್ರತಿ ತಾಲ್ಲೂಕಿನ ಅಂಕಿಗಳು ತೀರ ಚಿಕ್ಕವಾಗುತ್ತವೆ. ಒಟ್ಟುಗೂಡಿಸಿಬಿಟ್ಟರೆ ವ್ಯತ್ಯಾಸ ಮುಚ್ಚಿಹೋಗುತ್ತದೆ. ಶ್ರೇಣೀಕೃತ ಮಾದರಿಯು ಪ್ರತಿ ತಾಲ್ಲೂಕಿಗೆ ತನ್ನದೇ ಅಂದಾಜು ಕೊಟ್ಟು, ಅಂಕಿ ಕಡಿಮೆ ಇರುವಲ್ಲಿ ಅದನ್ನು ಒಟ್ಟು ಸರಾಸರಿಯ ಕಡೆಗೆ ಎಳೆಯುತ್ತದೆ.

ಬಳಕೆ

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ವೈದ್ಯಕೀಯ ಸಾಧನಗಳ ಪ್ರಯೋಗಗಳಲ್ಲಿ ಬೇಸಿಯನ್ ವಿಧಾನದ ಬಳಕೆಗೆ 2010ರಲ್ಲಿ ಮಾರ್ಗಸೂಚಿ ಹೊರಡಿಸಿತು. 2020ರ ಫೈಜರ್-ಬಯೋಎನ್‌ಟೆಕ್ ಕೋವಿಡ್ ಲಸಿಕೆಯ ಪ್ರಯೋಗವೂ ಈ ಕ್ರಮವನ್ನು ಅನುಸರಿಸಿತು. ವಿಧಾನದ ಮೇಲಿರುವ ಮುಖ್ಯ ಆಕ್ಷೇಪವೆಂದರೆ, ಪೂರ್ವ ಸಂಭವನೀಯತೆಯನ್ನು ತಮಗೆ ಬೇಕಾದಂತೆ ಆಯ್ದುಕೊಳ್ಳಬಹುದು ಎಂಬುದು. ಆದ್ದರಿಂದ ಅದನ್ನು ಪ್ರಯೋಗಕ್ಕೆ ಮೊದಲೇ ಬರೆದಿಡಬೇಕು. ಹಿಂದಿನ ವಿಫಲ ಪ್ರಯೋಗಗಳೂ ಅದರಲ್ಲಿ ಸೇರಬೇಕು. ಭಾರತದಲ್ಲಿ ವೈದ್ಯಕೀಯ ಪ್ರಯೋಗಗಳ ರಾಷ್ಟ್ರೀಯ ನೋಂದಣಿ ವ್ಯವಸ್ಥೆ ಆರಂಭವಾದದ್ದು 2007ರ ಜುಲೈಯಲ್ಲಿ, ಅಂದರೆ ಬಾಗಲಕೋಟೆಯ ಪ್ರಯೋಗ ನಿಂತ ಕೆಲವು ತಿಂಗಳ ನಂತರ. ನೋಂದಣಿ ಕಡ್ಡಾಯವಾದದ್ದು 2009ರ ಜೂನ್‌ನಿಂದ.