ಎರಡು ಚಪ್ಪಾಳೆಯ ದೀಪ



ನಮ್ಮ ಮನೆಯ ಅಜ್ಜಿ, ಎಂದರೆ ನನ್ನ ಹೆಂಡತಿ, ರಾತ್ರಿ ಎರಡು ಸಲವಾದರೂ ಏಳುತ್ತಾಳೆ. ಸ್ವಿಚ್ಚು ಇರುವುದು ಬಾಗಿಲ ಪಕ್ಕ, ಮಂಚ ಇರುವುದು ಕಿಟಕಿಯ ಪಕ್ಕ. ನಡುವೆ ಆರು ಹೆಜ್ಜೆ ಕತ್ತಲು. ಹೋದ ತಿಂಗಳು ಆ ಕತ್ತಲಲ್ಲಿ ಸ್ಟೂಲಿಗೆ ಕಾಲು ತಾಗಿ ಮುಗ್ಗರಿಸಿದಳು. ಗೋಡೆ ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ.

ಬೆಳಗ್ಗೆ ಅವಳ ಮೊಣಕಾಲಿನ ಬಾವು ನೋಡಿ, ಏಳನೇ ತರಗತಿಯ ಮೊಮ್ಮಗಳು ಹೇಳಿದಳು: “ಅಜ್ಜ, ಅಜ್ಜಿ ಕೂತಲ್ಲೇ ಚಪ್ಪಾಳೆ ತಟ್ಟಿದರೆ ದೀಪ ಹತ್ತಬೇಕು. ಅಂಥದ್ದೊಂದು ಮಾಡೋಣ.”

“ದಿಂಬಿನ ಹತ್ತಿರ ಟಾರ್ಚ್ ಇಟ್ಟರೆ ಸಾಲದೇನೇ?” ಎಂದೆ.

“ಕತ್ತಲಲ್ಲಿ ಅದನ್ನೂ ಹುಡುಕಬೇಕಲ್ಲ ಅಜ್ಜ!”

ನಾನು ಸೋತೆ. ಇಬ್ಬರೂ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆವು. ತಂದದ್ದು ಇಷ್ಟು: ಒಂದು ಆರ್ಡುಯಿನೊ ಊನೊ ಬೋರ್ಡು, ಒಂದು ಸೌಂಡ್ ಸೆನ್ಸರ್, ಬಿಳಿ ಎಲ್‌ಇಡಿ, 220 ಓಮ್‌ನ ರೆಸಿಸ್ಟರ್ (ಅದರ ಮೇಲಿನ ಪಟ್ಟಿಗಳು ಕೆಂಪು, ಕೆಂಪು, ಕಂದು), ಬ್ರೆಡ್‌ಬೋರ್ಡು ಮತ್ತು ಒಂದಷ್ಟು ಜಂಪರ್ ವೈರು.

ಆರ್ಡುಯಿನೊ ಹುಟ್ಟಿದ್ದು 2005ರಲ್ಲಿ, ಇಟಲಿಯ ಇವ್ರೆಯಾ ಎಂಬ ಊರಿನಲ್ಲಿ. ವಿದ್ಯಾರ್ಥಿಗಳು ಕಡಿಮೆ ಖರ್ಚಿನಲ್ಲಿ ತಮಗೆ ಬೇಕಾದ ಯಂತ್ರ ಮಾಡಿಕೊಳ್ಳಲಿ ಎಂದು ಅದನ್ನು ರೂಪಿಸಿದರು. ಅದರ ಮೇಲಿನ ಕಪ್ಪು ಚಿಪ್ಪೇ ಮೈಕ್ರೊಕಂಟ್ರೋಲರ್. ಅದು ಪುಟಾಣಿ ಕಂಪ್ಯೂಟರ್. ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಮಿಡಿಯುವ ಗಡಿಯಾರ ಅದಕ್ಕಿದೆ. ಆದರೆ ಸ್ವಂತ ಬುದ್ಧಿ ಇಲ್ಲ. ನಾವು ಬರೆದುಕೊಟ್ಟದ್ದನ್ನು ಮಾತ್ರ ಮಾಡುತ್ತದೆ.

ಜೋಡಣೆ ಸುಲಭ. ಸೆನ್ಸರಿಗೆ ಬೋರ್ಡಿನ 5 ವೋಲ್ಟ್ ಮತ್ತು ಗ್ರೌಂಡ್ ಕೊಟ್ಟು, ಅದರ ಡಿಜಿಟಲ್ ತಂತಿಯನ್ನು 2ನೇ ಪಿನ್ನಿಗೆ ಸೇರಿಸಿದೆವು. ಎಲ್‌ಇಡಿಯ ಉದ್ದ ಕಾಲು ರೆಸಿಸ್ಟರಿನ ಮೂಲಕ 8ನೇ ಪಿನ್ನಿಗೆ, ಗಿಡ್ಡ ಕಾಲು ಗ್ರೌಂಡಿಗೆ. ಸೆನ್ಸರಿನ ಮೈಕು ಸದ್ದನ್ನು ವಿದ್ಯುತ್ತಾಗಿ ಬದಲಿಸುತ್ತದೆ. ಅದರ ಮೇಲಿನ ಪುಟ್ಟ ತಿರುಪನ್ನು ತಿರುಗಿಸಿ, ಎಷ್ಟು ಜೋರಾದ ಸದ್ದಿಗೆ “ಹೂಂ” ಎನ್ನಬೇಕು ಎಂದು ಗೊತ್ತುಮಾಡಬಹುದು.

ಊಟದ ಮೇಜಿನ ಮೇಲಿಟ್ಟು ನೋಡಿದೆವು. ಚಪ್ಪಾಳೆ ತಟ್ಟಿದರೆ ದೀಪ ಹತ್ತಿತು! ಬಾಗಿಲು ಬಡಿದುಕೊಂಡಾಗಲೂ ಹತ್ತಿತು. ಕುಕ್ಕರ್ ಕೂಗಿದಾಗಲೂ ಹತ್ತಿತು. ಸೆನ್ಸರಿಗೆ ಚಪ್ಪಾಳೆ ಯಾವುದು, ಸೀಟಿ ಯಾವುದು ಎಂದು ತಿಳಿಯದು. ಜೋರೋ ಅಲ್ಲವೋ, ಅಷ್ಟೇ ಗೊತ್ತು.

ಮೊಮ್ಮಗಳು ಯೋಚಿಸಿ ಎರಡು ಚಪ್ಪಾಳೆಯ ನಿಯಮ ಬರೆದಳು. ಒಂದು ಸೆಕೆಂಡಿನಲ್ಲಿ 1000 ಮಿಲಿಸೆಕೆಂಡು ಎಂಬುದು ನೆನಪಿರಲಿ.

1. ಸದ್ದು ಕೇಳಿದ ಕೂಡಲೇ ಎಣಿಸಲು ಶುರು ಮಾಡು.

2. ಮೊದಲ 100 ಮಿಲಿಸೆಕೆಂಡು ಏನು ಕೇಳಿದರೂ ಬಿಟ್ಟುಬಿಡು. ಅದು ಅದೇ ಚಪ್ಪಾಳೆಯ ಮುಂದುವರಿಕೆ.

3. ಮುಂದಿನ 100 ಮಿಲಿಸೆಕೆಂಡು ಮೌನ ಇರಬೇಕು. ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಶುರು ಮಾಡು.

4. ಆಮೇಲೆ 700 ಮಿಲಿಸೆಕೆಂಡು ಆಗುವುದರೊಳಗೆ ಇನ್ನೊಂದು ಸದ್ದು ಬಂದರೆ, ಆರಿದ ದೀಪ ಹತ್ತಿಸು, ಹತ್ತಿದ ದೀಪ ಆರಿಸು.

ಕುಕ್ಕರ್ ಉದ್ದಕ್ಕೆ ಕೂಗುತ್ತದೆ, ನಡುವೆ ಮೌನವಿಲ್ಲ. ಹಾಗಾಗಿ ಅದು ಹೊರಗುಳಿಯಿತು. ಬಾಗಿಲು ಒಂದೇ ಸಲ ಬಡಿಯುತ್ತದೆ, ಅದೂ ಹೊರಗುಳಿಯಿತು. ಸದ್ದಿಗಿಂತ ನಡುವಿನ ಮೌನವೇ ನಮಗೆ ಹೆಚ್ಚು ಉಪಯೋಗಕ್ಕೆ ಬಂತು ನೋಡಿ.

ಅಂದು ರಾತ್ರಿ ಅದನ್ನು ಅಜ್ಜಿಯ ಮಂಚದ ಪಕ್ಕ ಇಟ್ಟೆವು. ನನಗೆ ಕಿವಿ ಮಂದ. ಮಲಗುವಾಗ ಕಿವಿಯ ಯಂತ್ರವನ್ನೂ ತೆಗೆದಿಡುತ್ತೇನೆ. ನಡುರಾತ್ರಿ ಕಣ್ಣಿಗೆ ಬೆಳಕು ಬಿದ್ದು ಎಚ್ಚರವಾಯಿತು. ನೋಡಿದರೆ ದೀಪ ಹತ್ತುತ್ತಿದೆ, ಆರುತ್ತಿದೆ, ಮತ್ತೆ ಹತ್ತುತ್ತಿದೆ. ಅಜ್ಜಿ ಎದೆ ಹಿಡಿದುಕೊಂಡು ಕೂತು ಕೆಮ್ಮುತ್ತಿದ್ದಾಳೆ. ಖೊಕ್, ಖೊಕ್. ಸದ್ದು, ಮೌನ, ಸದ್ದು. ಯಂತ್ರಕ್ಕೆ ಅದೂ ಚಪ್ಪಾಳೆಯೇ!

“ಎಷ್ಟು ದಿನದಿಂದ ಹೀಗೆ?” ಎಂದು ಕೇಳಿದೆ.

“ಒಂದು ತಿಂಗಳಾಯಿತು. ನಿಮಗೆ ಕೇಳಿಸಲ್ಲವಲ್ಲ, ಸುಮ್ಮನೆ ಯಾಕೆ ಎಬ್ಬಿಸೋದು ಅಂತ...”

ಮಗ್ಗುಲಲ್ಲೇ ಮಲಗುವ ನನಗೆ ತಿಳಿಯದ್ದನ್ನು ಒಂದು ಎಲ್‌ಇಡಿ ತಿಳಿಸಿತ್ತು. ಮರುದಿನವೇ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಪರೀಕ್ಷೆ ಆಯಿತು, ಔಷಧಿ ಶುರುವಾಗಿದೆ.

ಮೊಮ್ಮಗಳಿಗೆ ಮಾತ್ರ ಬೇಸರ. “ಕೆಮ್ಮಿಗೆ ಹತ್ತದ ಹಾಗೆ ಸರಿಮಾಡ್ತೀನಿ ಅಜ್ಜಿ” ಎಂದಳು.

“ಹತ್ತಲಿ ಬಿಡೇ. ಕೆಮ್ಮು ಬಂದಾಗಲೇ ನಾನು ನೀರಿಗೆ ಏಳೋದು. ಆದರೆ ನಡುದಾರೀಲಿ ಆರಬಾರದು. ಮತ್ತೆ ಚಪ್ಪಾಳೆಗೆ ಎರಡು ಕೈ ಬೇಕು, ನನ್ನ ಒಂದು ಕೈ ಮಂಚ ಹಿಡಿದಿರುತ್ತಲ್ಲ?”

ಎರಡನೆಯದಕ್ಕೆ ಏನೂ ಮಾಡಬೇಕಾಗಲಿಲ್ಲ. ಮಂಚದ ಹಲಗೆಗೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದರೂ ದೀಪ ಹತ್ತಿತು. ಮೊದಲನೆಯದಕ್ಕೆ ಮೊಮ್ಮಗಳು ನಿಯಮ ಬದಲಿಸಿದಳು: ಸದ್ದಿಗೆ ದೀಪ ಹತ್ತುತ್ತದೆ, ಆರುವುದಿಲ್ಲ. ಹತ್ತು ನಿಮಿಷವಾದ ಮೇಲೆ ತಾನಾಗಿ ಆರುತ್ತದೆ.

ಮಕ್ಕಳೇ, ನೀವೂ ಮಾಡಿ ನೋಡಿ. ಆದರೆ ಮೊಬೈಲ್ ಚಾರ್ಜರಿನ 5 ವೋಲ್ಟ್‌ನಲ್ಲೇ ನಿಲ್ಲಿಸಿ. ಗೋಡೆಯ 230 ವೋಲ್ಟ್ ವೈರಿಂಗ್ ಮುಟ್ಟಲೇಬಾರದು. ಯಾರಿಗಾಗಿ ಮಾಡುತ್ತೀರೋ ಅವರನ್ನು ಮೊದಲೇ ಕೇಳಿ. ನಾವು ಕೇಳಿದ್ದು ಕೊನೆಗೆ! ಅಜ್ಜ ಅಜ್ಜಿಯರೇ, ನೀವೂ “ನನಗೇನೂ ಬೇಡ” ಎನ್ನದೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಈ ವಾರದ ಕೆಲಸಕ್ಕೆ ದುಡ್ಡು ಬೇಡ. ರಾತ್ರಿ ದೀಪ ಆರಿಸಿ, ಅಜ್ಜಿಯ ಜೊತೆ ಐದು ನಿಮಿಷ ಸುಮ್ಮನೆ ಕೂತು ಕೇಳಿ. ಒಂಟಿ ಸದ್ದು ಯಾವುವು, ಉದ್ದ ಸದ್ದು ಯಾವುವು, ಜೋಡಿ ಸದ್ದು ಯಾವುವು? ಆಮೇಲೆ ಪಟ್ಟಿ ಮಾಡಿ.

ಮುಂದಿನ ವಾರ ಸಿಗೋಣ.