ಹುಳಿಗೊಂದು ಪಾತ್ರೆ, ಹಾಲಿಗೊಂದು ಪಾತ್ರೆ



ಮನೆ ಭೇಟಿಗೆ ಹೋದಾಗ ಹೆಚ್ಚಿನವರು ನನ್ನನ್ನು ಚಾವಡಿಯಲ್ಲಿ ಕೂರಿಸುತ್ತಾರೆ. ಎದುರಿಗೆ ಷೋಕೇಸು. ಅದರೊಳಗೆ ಮದುವೆಗೆ ಬಂದ ಡಿನ್ನರ್ ಸೆಟ್ಟು, ಗಲ್ಫಿನಿಂದ ತಂದ ಗಾಜಿನ ಬಟ್ಟಲುಗಳು, ಪೆಟ್ಟಿಗೆಯಿಂದ ಇನ್ನೂ ಹೊರಬಾರದ ಕ್ಯಾಸರೋಲು. ಚಹಾ ಆಗುವಷ್ಟರಲ್ಲಿ ಮಾತನಾಡುತ್ತಾ ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಲ್ಲುವುದು ನನ್ನ ಅಭ್ಯಾಸ. ಅಲ್ಲಿ ಕಾಣುವ ಲೋಕವೇ ಬೇರೆ. ಕುದಿಯುವ ಸಾಂಬಾರು ಐಸ್‌ಕ್ರೀಮಿನ ಖಾಲಿ ಡಬ್ಬಿಗೆ ಇಳಿಯುತ್ತಿರುತ್ತದೆ. ಹಿಡಿ ಮುರಿದ ಬಾಣಲೆಯನ್ನು ಇಕ್ಕಳದಲ್ಲಿ ಹಿಡಿದು ಮೀನು ಹುರಿಯುತ್ತಿರುತ್ತಾರೆ. ಒಳ್ಳೆಯದೆಲ್ಲ ಷೋಕೇಸಿಗೆ, ಉಳಿದದ್ದು ಒಲೆಗೆ!

ಕಳೆದ ಮಳೆಗಾಲದಲ್ಲಿ ಇಂಥದೇ ಒಂದು ಮನೆಗೆ ಹೋಗಿದ್ದೆ. ಮನೆಯಾಕೆ ಕಾಸರಗೋಡಿನಿಂದ ಬೆಳಗ್ಗಿನ ರೈಲಿನಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗುವವರು. ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಮನೆಯಲ್ಲಿ ವಯಸ್ಸಾದ ಅತ್ತೆ. ನಾಲ್ಕು ಗಂಟೆಗೆ ಎದ್ದರೂ ಕೈ ಸಾಲದು. "ಭಾನುವಾರವೇ ವಾರದ ಅಡುಗೆಯ ಅರ್ಧ ಕೆಲಸ ಮುಗಿಸಿಡೋಣ ಅಂತಿದ್ದೇನೆ ಫಾದರ್. ಏನೇನು ತಗೊಳ್ಳಲಿ?" ಎಂದು ಕೇಳಿದರು. ಸೆಮಿನರಿಯಲ್ಲಿ ನಮಗೆ ಇದನ್ನು ಯಾರೂ ಕಲಿಸಲಿಲ್ಲ. ಆದರೆ ಸಣ್ಣ ಚರ್ಚುಗಳಲ್ಲಿ ಒಂಟಿಯಾಗಿದ್ದು, ಕೈ ಸುಟ್ಟುಕೊಂಡು ಕಲಿತದ್ದಿದೆ. "ಅಂಗಡಿಗೆ ಆಮೇಲೆ ಹೋಗಿ. ಮೊದಲು ಒಂದು ವಾರ ನಿಮ್ಮ ಮನೆಯಲ್ಲಿ ಏನು ಬೇಯುತ್ತದೆ, ಅದು ಎಷ್ಟು ಹೊತ್ತು ಪಾತ್ರೆಯಲ್ಲಿ ಕೂರುತ್ತದೆ, ಅದನ್ನು ತೆರೆಯುವವರು ಯಾರು, ಇಷ್ಟನ್ನು ಬರೆದಿಡಿ" ಎಂದೆ.

ಎಷ್ಟು ಹೊತ್ತು ಕೂರುತ್ತದೆ ಎಂಬ ಪ್ರಶ್ನೆಯ ಹಿಂದೆ ನನ್ನದೇ ಒಂದು ಕತೆಯಿದೆ. ಗುರುವಾದ ಹೊಸತರಲ್ಲಿ ನಾನಿದ್ದ ಮನೆಯ ಅಟ್ಟದಲ್ಲಿ ಒಂದು ಹಿತ್ತಾಳೆ ಪಾತ್ರೆ ಸಿಕ್ಕಿತು. ಹುಣಸೆಹುಳಿ ಹಾಕಿ ತೊಳೆದೆ, ಬಂಗಾರದಂತೆ ಹೊಳೆಯಿತು. ಅದೇ ಹುಳಿ ಹಾಕಿ ಬಂಗುಡೆ ಸಾರು ಮಾಡಿದೆ. ರಾತ್ರಿ ಉಂಡು, ಮೀನು ಸಾರು ಮರುದಿನಕ್ಕೆ ರುಚಿ ಎಂದು ಅದರಲ್ಲೇ ಬಿಟ್ಟೆ. ಬೆಳಿಗ್ಗೆ ತಿಂದರೆ ನಾಲಿಗೆಗೆ ಲೋಹದ ಒಗರು. ಹತ್ತು ಗಂಟೆಯೊಳಗೆ ನಾಲ್ಕು ಸಲ ವಾಂತಿ. ಪಾತ್ರೆಯ ಒಳಗಿನ ಕಲಾಯಿ ಎಂದೋ ಹೋಗಿತ್ತು. ಹುಳಿಗೆ ಹಿತ್ತಾಳೆ ಹೊಳೆದದ್ದು ಯಾಕೆ ಎಂದು ಆಗಲೇ ಯೋಚಿಸಬೇಕಿತ್ತು. ಹುಳಿ ಲೋಹವನ್ನು ಕರಗಿಸುತ್ತದೆ, ಕರಗಿದ ತಾಮ್ರ ಸಾರಿಗೆ ಇಳಿಯುತ್ತದೆ.

ನನ್ನದು ಅರ್ಧ ದಿನದ ಸಂಕಟ. ಆದರೆ ಪಾತ್ರೆಯಿಂದ ಜೀವವೇ ಹೋದದ್ದೂ ಇದೆ. ನಮ್ಮ ದೇಶದಲ್ಲಿ ಹಿಂದೆ ಎಳೆಯ ಮಕ್ಕಳಿಗೆ ಯಕೃತ್ತು ಗಟ್ಟಿಯಾಗಿ, ಹೊಟ್ಟೆ ಉಬ್ಬಿ ಸಾಯುವ ಒಂದು ರೋಗವಿತ್ತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೇ ಅದು ಹೆಚ್ಚು ಬರುತ್ತಿತ್ತು. ಆ ಮಕ್ಕಳ ಯಕೃತ್ತಿನಲ್ಲಿ ವಿಪರೀತ ತಾಮ್ರ ಇರುತ್ತಿತ್ತು. 1983ರಲ್ಲಿ ಪುಣೆಯ ಮಕ್ಕಳ ವೈದ್ಯರು ಬ್ರಿಟನ್ನಿನ ವೈದ್ಯರ ಜೊತೆ ಸೇರಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದರ ಕುರಿತು ಬರೆದರು. ರೋಗ ಬಂದ ಮನೆಗಳಲ್ಲಿ ಮಗುವಿಗೆ ಬೇಗನೆ ದನದ ಇಲ್ಲವೇ ಎಮ್ಮೆಯ ಹಾಲು ಕೊಡಲು ಶುರುಮಾಡಿದ್ದರು. ಆ ಹಾಲನ್ನು ಕಾಯಿಸಿ ಇಡುತ್ತಿದ್ದದ್ದು ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ. ಹಾಲು ಹುಳಿಯಲ್ಲ, ಆದರೂ ಅದರ ಪ್ರೋಟೀನು ತಾಮ್ರವನ್ನು ಹಿಡಿದುಕೊಳ್ಳುತ್ತದೆ. ಪಾತ್ರೆ ಬದಲಾದ ಮೇಲೆ ಆ ರೋಗ ಬಹುಪಾಲು ಕಾಣದಾಯಿತು. ಮನೆಯ ಬೆಲೆಬಾಳುವ ಪಾತ್ರೆಯನ್ನೇ ಮಗುವಿನ ಹಾಲಿಗೆಂದು ತೆಗೆದಿಟ್ಟ ಆ ತಾಯಂದಿರನ್ನು ನೆನೆದರೆ ಈಗಲೂ ಮನಸ್ಸಿಗೆ ಕಷ್ಟವಾಗುತ್ತದೆ.

ಈಗ ತಾಮ್ರ ಹಿತ್ತಾಳೆಗೆ ಮತ್ತೆ ಫ್ಯಾಷನ್ ಬಂದಿದೆ. ಕೊಳ್ಳುವುದಾದರೆ ಒಳಗೆ ಕಲಾಯಿ ಇದೆಯೇ ನೋಡಿ. ಕಲಾಯಿ ಎಂದರೆ ತವರ. ಅದು 232 ಡಿಗ್ರಿಗೇ ಕರಗುವುದರಿಂದ ಖಾಲಿ ಪಾತ್ರೆಯನ್ನು ಒಲೆಯ ಮೇಲೆ ಮರೆಯಬಾರದು. ನವಸಾಗರ ಹಾಕಿ ಹೊಗೆ ಎಬ್ಬಿಸುತ್ತಾ ಕಲಾಯಿ ಹಾಕುವವರು ಮೊದಲು ಮನೆ ಬಾಗಿಲಿಗೇ ಬರುತ್ತಿದ್ದರು, ಈಗ ನಾವೇ ಹುಡುಕಿಕೊಂಡು ಹೋಗಬೇಕು. ಸಿಗದಿದ್ದರೆ ಆ ಪಾತ್ರೆಯಲ್ಲಿ ಹೂವು ಇಡಿ, ಚೆನ್ನಾಗಿ ಕಾಣುತ್ತದೆ.

ಹುಳಿ ಅಡುಗೆಗೆ ನಮ್ಮ ಮಣ್ಣಿನ ಮಡಕೆಯೇ ಸೈ. ಒಳಗೆ ಹೊಳಪಿನ ಲೇಪ ಇಲ್ಲದ್ದನ್ನು ಆರಿಸಿ, ಗಂಜಿ ತಿಳಿಯಲ್ಲಿ ಕುದಿಸಿ ಪಳಗಿಸಿ. ಸೋಪು ಹಾಕಬೇಡಿ, ಮಡಕೆ ಅದನ್ನು ಕುಡಿದು ನಾಳೆಯ ಸಾರಿಗೆ ಬಿಡುತ್ತದೆ. ಸ್ಟೀಲೂ ಆದೀತು. ಸ್ಟೀಲು ಕೊಳ್ಳುವಾಗ ಅಯಸ್ಕಾಂತ ಅಂಟಲಿಲ್ಲ ಎಂಬುದೊಂದೇ ಗುಣಕ್ಕೆ ಸಾಕ್ಷಿಯಲ್ಲ. ಒಳ್ಳೆಯ 304ರ ಸ್ಟೀಲಿಗೂ ಅಂಟುವುದಿಲ್ಲ, ಅಗ್ಗದ 202ಕ್ಕೂ ಅಂಟುವುದಿಲ್ಲ. ಪಾತ್ರೆಯ ಮೇಲೆ 304 ಅಥವಾ 18/8 ಎಂದು ಅಚ್ಚಾಗಿದೆಯೇ ನೋಡಿ. 18 ಎಂದರೆ ಕ್ರೋಮಿಯಂ, 8 ಎಂದರೆ ನಿಕ್ಕಲ್, ನೂರಕ್ಕೆ ಅಷ್ಟು. ಆದರೆ ಉಪ್ಪಿನಕಾಯಿಯನ್ನು ಆ ಸ್ಟೀಲಿನಲ್ಲೂ ತಿಂಗಳುಗಟ್ಟಲೆ ಇಡಬೇಡಿ. ಉಪ್ಪು ಹುಳಿ ಸೇರಿ ಸ್ಟೀಲನ್ನೂ ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಅಜ್ಜಿಯ ಪಿಂಗಾಣಿ ಭರಣಿ ಅಟ್ಟದಲ್ಲಿದ್ದರೆ ಇಳಿಸಿ.

ಪ್ಲಾಸ್ಟಿಕ್ ಡಬ್ಬಿಯನ್ನು ಮಗುಚಿ ನೋಡಿದರೆ ತ್ರಿಕೋನದೊಳಗೆ ಒಂದು ಅಂಕೆ ಇರುತ್ತದೆ. 1 ಇದ್ದರೆ ಅದು ನೀರಿನ ಬಾಟಲಿಯ ಜಾತಿ, ಬಿಸಿ ಹಾಕಿದರೆ ಮೆತ್ತಗಾಗುತ್ತದೆ. 5 ಇದ್ದದ್ದು ಬಿಸಿಯನ್ನು ತಕ್ಕಮಟ್ಟಿಗೆ ತಾಳುತ್ತದೆ. ಐಸ್‌ಕ್ರೀಮಿನ ಡಬ್ಬಿಯ ಮೇಲೂ ಕೆಲವೊಮ್ಮೆ 5 ಇರುತ್ತದೆ, ನಿಜ. ಆದರೆ ಅದನ್ನು ತಣ್ಣಗಿನ ವಸ್ತುವಿಗೆಂದು ತೆಳ್ಳಗೆ ಮಾಡಿರುತ್ತಾರೆ. ಅದರಲ್ಲಿ ಬೇಳೆ ತುಂಬಿಸಿಡಿ, ಸಾಂಬಾರು ಬೇಡ. ಕುಕ್ಕರಿನ ಬಗ್ಗೆ ಒಂದೇ ಮಾತು. 2021ರ ಫೆಬ್ರವರಿಯಿಂದ ಮನೆಬಳಕೆಯ ಪ್ರೆಶರ್ ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯ, ಗುರುತಿಲ್ಲದ್ದು ಎಷ್ಟು ಅಗ್ಗಕ್ಕೆ ಸಿಕ್ಕಿದರೂ ಬಿಟ್ಟುಬನ್ನಿ.

ಇನ್ನು ಮಾಡಿಟ್ಟ ಅಡುಗೆಯ ವಿಷಯ. ಇಲ್ಲಿ ಬೆಲೆಗಿಂತ ಡಬ್ಬಿಯ ಆಕಾರ ಮುಖ್ಯ. ಆಳವಾದ ಪಾತ್ರೆಯಲ್ಲಿ ಅನ್ನ ತುಂಬಿದರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಕ್ಕಿಯಲ್ಲಿ ಬೇಯಿಸಿದರೂ ಸಾಯದ ಒಂದು ಬಗೆಯ ರೋಗಾಣುವಿನ ಬೀಜಗಳಿರುತ್ತವೆ. ಆ ಬೆಚ್ಚಗಿನಲ್ಲಿ ಅವು ಎದ್ದು ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು. ಆದ್ದರಿಂದ ಎರಡು ಅಂಗುಲ ಆಳದ ಅಗಲ ಡಬ್ಬಿಗಳು ಬೇಕು. ಎರಡು ಗಂಟೆಯೊಳಗೆ ಅದು ಫ್ರಿಜ್ಜಿನೊಳಗಿರಬೇಕು. ಎಲ್ಲ ಡಬ್ಬಿಗಳೂ ಒಂದೇ ಅಳತೆಯವಾದರೆ ಯಾವ ಮುಚ್ಚಳ ಯಾವುದಕ್ಕೂ ಆಗುತ್ತದೆ. ಹದಿನೆಂಟು ಡಬ್ಬಿಯ ಸೆಟ್ಟು ತಂದು ಹದಿನೆಂಟು ಮುಚ್ಚಳ ಹುಡುಕುವ ಕಷ್ಟ ನಿಮಗೇ ಗೊತ್ತು.

ತೆಂಗಿನಕಾಯಿ ಅರೆದ ಮಸಾಲೆಯನ್ನು ಒಂದು ಹೊತ್ತಿನ ಸಾರಿಗೆ ಎಷ್ಟೋ ಅಷ್ಟನ್ನೇ ಚಪ್ಪಟೆಯಾಗಿ ಕಟ್ಟಿ ಫ್ರೀಜರಿನಲ್ಲಿಡಿ. ಬೇಗ ಕರಗುತ್ತದೆ, ಉಳಿದದ್ದನ್ನು ಮತ್ತೆ ಗಟ್ಟಿ ಮಾಡುವ ಪ್ರಸಂಗ ಬರುವುದಿಲ್ಲ. ನಮ್ಮ ಕಡೆ ಆಟಿ ತಿಂಗಳ ಗಾಳಿಮಳೆಗೆ ಕರೆಂಟು ಹೋದರೆ ಬರುವುದು ದೇವರಿಗೇ ಗೊತ್ತು. ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪು ಹಿಡಿಯುತ್ತದೆ. ತುಂಬಿದ ಫ್ರೀಜರು ಎರಡು ದಿನದ ವರೆಗೂ ತಡೆದೀತು, ಅರ್ಧ ಖಾಲಿಯಾದದ್ದು ಒಂದು ದಿನ ಮಾತ್ರ.

ಆ ಮನೆಗೆ ಎರಡು ತಿಂಗಳು ಬಿಟ್ಟು ಮತ್ತೆ ಹೋದೆ. ಆಕೆ ಅಗಲದ ಡಬ್ಬಿಗಳನ್ನೇ ತಂದಿದ್ದರು. ಐದೂವರೆಗೆ ಏಳುತ್ತೇನೆ ಎಂದು ಖುಷಿಯಿಂದ ಹೇಳಿದರು. ಅವರು ಚಹಾ ತರಲು ಒಳಗೆ ಹೋದಾಗ ಅತ್ತೆ ನನ್ನ ಹತ್ತಿರ ಬಗ್ಗಿ, "ಫಾದರ್, ಅವಳಿಗೆ ಹೇಳಬೇಡಿ. ಆ ನಾಲ್ಕು ಬದಿ ಲಾಕಿನ ಡಬ್ಬಿ ನನಗೆ ತೆರೆಯಲು ಬರುವುದಿಲ್ಲ" ಎಂದು ಬೆರಳು ತೋರಿಸಿದರು. ಗಂಟುಗಳು ಬಾತಿದ್ದವು. ಮಧ್ಯಾಹ್ನದ ಊಟ ಡಬ್ಬಿಯಲ್ಲೇ ಉಳಿದು, ಅವರು ಎಷ್ಟೋ ದಿನ ಚಹಾ ರಸ್ಕಿನಲ್ಲಿ ಕಳೆದಿದ್ದರು. ಸೊಸೆ ಬೇಸರ ಮಾಡಿಕೊಳ್ಳುತ್ತಾಳೆಂದು ಸಂಜೆಯಾಗುವ ಮೊದಲು ಮಕ್ಕಳಿಂದ ಡಬ್ಬಿ ತೆರೆಸಿ, ಅನ್ನವನ್ನು ಕೋಳಿಗೆ ಹಾಕಿಸುತ್ತಿದ್ದರಂತೆ.

ಹೇಳದೆ ಇರಲು ಆಗಲಿಲ್ಲ. ಅಜ್ಜಿಯನ್ನು ಒಪ್ಪಿಸಿ, ಅವರ ಎದುರಿಗೇ ಹೇಳಿದೆ. (ಇಲ್ಲಿ ಬರೆಯುವುದಕ್ಕೂ ಇಬ್ಬರ ಒಪ್ಪಿಗೆ ಇದೆ.) ಸೊಸೆ ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ ಎದ್ದುಹೋಗಿ ಷೋಕೇಸಿನ ಬಾಗಿಲು ತೆರೆದು, ಡಿನ್ನರ್ ಸೆಟ್ಟಿನ ಒಂದು ಅಗಲ ಬಟ್ಟಲು ಮತ್ತು ಅದರ ಮೇಲೆ ಮುಚ್ಚಲು ಒಂದು ತಟ್ಟೆ ತಂದು ಅತ್ತೆಯ ಕೈಗೆ ಕೊಟ್ಟರು. ಈಗ ಅಜ್ಜಿಯ ಊಟ ಫ್ರಿಜ್ಜಿನ ನಡು ಅಂತಸ್ತಿನಲ್ಲಿ, ಆ ಬಟ್ಟಲಿನಲ್ಲಿ ಇರುತ್ತದೆ.

ಮೆಟ್ಟುಕತ್ತಿ ಮತ್ತು ಚಾಕುವಿನ ಬಗ್ಗೆ ಬರೆಯಿರಿ ಎಂದು ಇಬ್ಬರು ಕೇಳಿದ್ದಾರೆ. ಅದು ಮುಂದಿನ ಸಂಚಿಕೆಗೆ.