ಮೊಲದ ಮೆರವಣಿಗೆ, ಅಳಿಲಿನ ಉರುಲು: ಬೇಟೆ ಕಾನೂನು ಯಾರಿಗೆ?

ಅಳಿಲು ಹೊಡೆದು ತಿನ್ನೋದೂ ಅಪರಾಧವಾ? ಸಂಪಗಾಂವ, ಕಿತ್ತೂರು ಕಡೆಯ ಹೊಲದ ಬದುವಿನಲ್ಲಿ ನಿಂತು ಹೀಗೆ ಕೇಳಿದರೆ ಬಹುತೇಕರು ನಕ್ಕಾರು. ಹುಲಿ, ಚಿರತೆ ಸರಿ, ಇಷ್ಟು ಸಣ್ಣ ಪ್ರಾಣಿಗೂ ಕೇಸಾ ಅಂದಾರು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹಳೆಯ ನಾಲ್ಕನೇ ಅನುಸೂಚಿಯಲ್ಲಿ ಐದು ಪಟ್ಟೆಯ ಅಳಿಲೂ ಇತ್ತು, ಮೊಲವೂ ಇತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಆರು ಅನುಸೂಚಿಗಳು ನಾಲ್ಕಾದವು. ಮೊಲ ಈಗ ಎರಡನೆಯದರಲ್ಲಿದೆ. ಅದನ್ನು ಬೇಟೆಯಾಡಿದರೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲು ದಂಡದ ಮಿತಿ 25 ಸಾವಿರ ಇತ್ತು. ಕೊಲ್ಲಲೇಬೇಕೆಂದಿಲ್ಲ, ಉರುಲು ಹಾಕಿ ಹಿಡಿಯೋದು, ಹಿಡಿಯಲು ಯತ್ನಿಸೋದೂ ಕಾಯ್ದೆಯ ಪ್ರಕಾರ ಬೇಟೆಯೇ.

ಕಾನೂನೇನೋ ಸ್ಪಷ್ಟ. ಅದು ಯಾರ ಮೇಲೆ, ಯಾವಾಗ ಬೀಳುತ್ತೆ ಅನ್ನೋದೇ ಪ್ರಶ್ನೆ.

ಯುಗಾದಿ ಹೊತ್ತಿಗೆ ಮೊಲದ ಬೇಟೆಗೆ ಹೋಗುವ ರೂಢಿ ಉತ್ತರ ಕರ್ನಾಟಕದ ಹಲವೆಡೆ ಇದೆ. 2025ರ ಹಬ್ಬದ ಬೆನ್ನಲ್ಲೇ ರಾಯಚೂರು ಜಿಲ್ಲೆಯ ತುರ್ವಿಹಾಳದಲ್ಲಿ ಸತ್ತ ಮೊಲಗಳನ್ನು ಹಿಡಿದು ಮೆರವಣಿಗೆ ಮಾಡಿದ ವಿಡಿಯೊ ಹರಿದಾಡಿತು. ಆಮೇಲೆ ಮಸ್ಕಿ ಶಾಸಕರ ಮಗ, ಸಹೋದರನ ಮೇಲೆ ಪ್ರಕರಣ ದಾಖಲಾಯಿತು. ಊರ ನಡುವೆಯೇ ನಡೆದದ್ದು ಕಣ್ಣಿಗೆ ಬೀಳೋಕೆ ಒಂದು ವಿಡಿಯೊ ಬೇಕಾಯ್ತು.

ಇದರ ಪಕ್ಕದಲ್ಲಿ ಹರಣಶಿಕಾರಿಗಳನ್ನು ಇಟ್ಟು ನೋಡಿ. ನಮ್ಮ ಬೆಳಗಾವಿ, ಧಾರವಾಡ, ಗದಗ ಸೀಮೆಯ ಈ ಸಮುದಾಯದ ಹೆಸರಲ್ಲೇ ಬೇಟೆ ಇದೆ. ಬಲೆ, ಉರುಲು ಅವರ ಕುಲಕಸುಬು. ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಂಥ ಸಮುದಾಯಗಳಿಗೆ ಹುಟ್ಟು ಅಪರಾಧಿಗಳೆಂಬ ಹಣೆಪಟ್ಟಿ ಕಟ್ಟಿತು. ಹುಬ್ಬಳ್ಳಿಯ ‘ಸೆಟ್ಲಮೆಂಟ್’ ಅನ್ನೋ ಹೆಸರು ಆ ಕಾಲದ್ದೇ. 1952ರಲ್ಲಿ ಕಾಯ್ದೆ ರದ್ದಾಯ್ತು. 20 ವರ್ಷಕ್ಕೆ ವನ್ಯಜೀವಿ ಕಾಯ್ದೆ ಬಂತು, 1991ರ ತಿದ್ದುಪಡಿ ಲೈಸೆನ್ಸ್ ಬೇಟೆಗೂ ಬಾಗಿಲು ಹಾಕಿತು. ಹಳೆ ಕಳಂಕ ಮಾಸುವ ಮೊದಲೇ ಕಸುಬೇ ಅಪರಾಧವಾಯ್ತು. ಬಲೆ ಬಿಡಿಸಿದ ಸರ್ಕಾರ ಬದಲಿಗೆ ಏನು ಕೊಟ್ಟಿತು ಅಂತ ಲೆಕ್ಕ ಕೇಳಬೇಕಲ್ಲ?

ಹಾಗಂತ ಬೇಟೆಗೆ ಬಿಟ್ಟುಬಿಡಿ ಅನ್ನೋದು ಉತ್ತರವಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಅಳಿಲು ಬೇಟೆಗೆ ಸೀಸನ್ ಇದೆ, ಲೈಸೆನ್ಸ್ ಇದೆ, ದಿನಕ್ಕೆ ಇಷ್ಟೇ ಅನ್ನೋ ಮಿತಿ ಇದೆ. 1937ರ ಕಾಯ್ದೆಯಂತೆ ಬಂದೂಕು, ಮದ್ದುಗುಂಡಿನ ತೆರಿಗೆ ವನ್ಯಜೀವಿ ರಕ್ಷಣೆಗೆ ಹೋಗುತ್ತೆ. ಬ್ರಿಟನ್‌ನಲ್ಲಿ ಬೂದು ಅಳಿಲು ತಿನ್ನಿ ಅನ್ನೋರಿದ್ದಾರೆ, ಯಾಕಂದ್ರೆ ಅದು ಅಮೆರಿಕದಿಂದ ಬಂದು ಅಲ್ಲಿನ ಕೆಂಪು ಅಳಿಲಿಗೆ ಕುತ್ತಾಗಿದೆ. ನಮ್ಮ ಅಳಿಲು ಇಲ್ಲಿಯದೇ. ಎಷ್ಟಿವೆ ಅಂತ ಎಣಿಸದೆ ಎಷ್ಟು ಹೊಡೀಬಹುದು ಅಂತ ಹೇಳೋಕಾಗಲ್ಲ. ಹುಲಿಗೆ ನಾಲ್ಕು ವರ್ಷಕ್ಕೊಮ್ಮೆ ಗಣತಿ ಇದೆ. ಸವದತ್ತಿ, ರಾಮದುರ್ಗದ ಬಯಲಿನ ಮೊಲ, ಅಳಿಲಿಗೆ ಅಂಥದ್ದಿಲ್ಲ.

ಹಾಗಾಗಿ ನಿಷೇಧ ಇರಲಿ. ಆದರೆ ವಿಡಿಯೊ ಬರೋ ತನಕ ಕಾಯದೆ, ಹಬ್ಬಕ್ಕೆ ಮುಂಚೆಯೇ ಅರಣ್ಯ ಸಿಬ್ಬಂದಿ ಊರಿಗೆ ಬಂದು ದೊಡ್ಡವರ ಮನೆ ಬಾಗಿಲಲ್ಲೂ ಇದನ್ನು ಹೇಳಲಿ. ಕಸುಬು ಕಳಕೊಂಡವರಿಗೆ ಭೂಮಿ, ಸಾಲ, ಮಕ್ಕಳಿಗೆ ಹಾಸ್ಟೆಲ್ ಸಿಗಲಿ. ಬಡವನ ಉರುಲಷ್ಟೇ ಕಾಣುವ ಕಾನೂನನ್ನು ಊರು ನಂಬಲ್ಲ. ಊರು ನಂಬದ ಕಾನೂನಿನಿಂದ ಅಳಿಲೂ ಉಳಿಯಲ್ಲ.